ಕೋಷ್ಟಕದ ಹನ್ನೊಂದನೆಯ ಸಾಲು

ಗಾಳಿಯಲ್ಲಿ ತೇಲುವ ಪ್ರತಿ ಧೂಳಿನ ಕಣವನ್ನೂ ಹಿಡಿದು, ಅದರ ಕುಲ ಗೋತ್ರ ವಿಚಾರಿಸಿ, ಬರೆದಿಟ್ಟುಕೊಳ್ಳುವ ಯಂತ್ರ ನಮ್ಮ ಜಿಲ್ಲೆಯ ಶಾಲೆಗಳಿಗೆ ಬಂದು ಆಗ ಎರಡು ವರ್ಷವಾಗಿತ್ತು. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಕಪ್ಪುಹಲಗೆಯ ಮೇಲೆ, ಗಡಿಯಾರ ಇರಬೇಕಾದ ಜಾಗದಲ್ಲಿ ಕೂತಿರುತ್ತಿತ್ತು. ಸರಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು, ಮಕ್ಕಳು ಮಾತ್ರ ಧೂಳುಗಣ್ಣು ಎಂದು ಕರೆದರು. ಕೊನೆಗೆ ನಾವೂ ಹಾಗೇ ಕರೆದೆವು.

ನಾನು ಮಹಾನಂದಾ. ಶಾಲಾ ಗಾಳಿ ನಿಗಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ತಂತ್ರಜ್ಞೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಪ್ರಭು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ. ಈ ಕಥೆಯಲ್ಲಿ ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಅದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ.

ಧೂಳುಗಣ್ಣಿನ ಕೆಲಸ ಸರಳ. ಕೋಣೆಯ ಗಾಳಿಯನ್ನು ಒಳಗೆಳೆದುಕೊಂಡು ಒಂದೊಂದು ಕಣದ ಮೇಲೂ ಲೇಸರ್ ಬೆಳಕು ಬಿಡುತ್ತದೆ. ಕಣ ಯಾವ ಪದಾರ್ಥದ್ದೋ ಅದಕ್ಕೆ ತಕ್ಕಂತೆ ವಾಪಸ್ ಬರುವ ಬೆಳಕಿನ ಬಣ್ಣ ಚೂರು ಬದಲಾಗಿರುತ್ತದೆ. ಆ ಬದಲಾವಣೆ ನೋಡಿ ಇದು ಸಿಲಿಕಾ, ಇದು ಇಂಗಾಲ, ಇದು ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಯಂತ್ರ ಹೇಳಿಬಿಡುತ್ತದೆ. ಅಲ್ಲಿಗೆ ಅದರ ಬುದ್ಧಿ ಮುಗಿಯಿತು. ಆ ಪದಾರ್ಥ ಎಲ್ಲಿಂದ ಬಂತು ಎಂಬುದನ್ನು ಹೇಳಲು ಒಂದು ಕೋಷ್ಟಕ ಬೇಕು. ಇಂಗಾಲ ಎಂದರೆ ಒಲೆಯ ಹೊಗೆ, ಸಿಲಿಕಾ ಎಂದರೆ ಹೊರಗಿನ ಮಣ್ಣು ಮತ್ತು ಕಲ್ಲುಪುಡಿ, ಹೀಗೆ ನಲವತ್ತು ಸಾಲು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೂತು ಆ ಕೋಷ್ಟಕ ಬರೆದವಳು ನಾನೇ.

ನಿಯಮ ಮಾತ್ರ ಕಡಕ್ಕಾಗಿತ್ತು. ಧೂಳಿನ ಮೂಲ ಕೋಣೆಯೊಳಗೇ ಇದ್ದು, ಲೆಕ್ಕ ಮಿತಿ ಮೀರಿದರೆ ನಮ್ಮ ಗೋಡೆ ನಕಾಶೆಯಲ್ಲಿ ಆ ಶಾಲೆಯ ಚುಕ್ಕಿ ಕೆಂಪಾಗುತ್ತದೆ. ಮೂರು ಸಲ ಕೆಂಪಾದರೆ ತರಗತಿಯ ಬಾಗಿಲಿಗೆ ತಾನಾಗಿ ಬೀಗ ಬೀಳುತ್ತದೆ, ಮಕ್ಕಳು ಮನೆಯಲ್ಲೇ ಪರದೆ ನೋಡಿ ಕಲಿಯಬೇಕು. ಮೂಲ ಹೊರಗಿದ್ದರೆ ಬೀಗ ಶಾಲೆಗಲ್ಲ, ಗಾಳಿಯ ದಿಕ್ಕು ಹಿಡಿದು ಧೂಳೆಬ್ಬಿಸುವವನ ಕರೆಂಟಿಗೆ. ಆದರೆ ಎರಡು ವರ್ಷದಲ್ಲಿ ಹೊರಗಿನವನೊಬ್ಬನಿಗೂ ಬೀಗ ಬಿದ್ದಿರಲಿಲ್ಲ. ಮೂವತ್ತಾರು ಶಾಲೆಗಳಿಗೆ ಬಿದ್ದಿತ್ತು. ಎಲ್ಲ ಕಡೆಯೂ ಅಪರಾಧಿ ಒಂದೇ, ಸೀಮೆಸುಣ್ಣದ ಪುಡಿ.

ಮಾಸ್ತರರು ಪಾಡುಪಟ್ಟ ರೀತಿ ನೋಡಿದರೆ ನಗು ಬರಬೇಕು, ನನಗೆ ಅಳು ಬರುತ್ತಿತ್ತು. ಒಬ್ಬರು ಒದ್ದೆ ಬೆರಳಿನಿಂದ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದರು, ಉತ್ತರ ಬರುವಷ್ಟರಲ್ಲಿ ಪ್ರಶ್ನೆ ಒಣಗಿ ಹೋಗುತ್ತಿತ್ತು. ಇನ್ನೊಬ್ಬರು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮರಳಿನ ಮೇಲೆ ಭಾರತದ ನಕಾಶೆ ಬರೆಸುತ್ತಿದ್ದರು. ಕೊಳ್ಳುವವರಿಲ್ಲದೆ ನಮ್ಮ ಮನೆಯ ಸೀಮೆಸುಣ್ಣದ ಅಚ್ಚುಗಳೂ ಸುಮ್ಮನೆ ಕೂತಿದ್ದವು. ನನ್ನ ಅತ್ತೆ ಬಾಳವ್ವ ಮೂವತ್ತು ವರ್ಷದಿಂದ ಸೀಮೆಸುಣ್ಣದ ಕಡ್ಡಿ ಮಾಡುವವಳು. ಸುತ್ತಲಿನ ಶಾಲೆಗಳಿಗೆಲ್ಲ ಅವಳದೇ ಕಡ್ಡಿ. ಸೊಸೆಯ ಯಂತ್ರದಿಂದ ತನ್ನ ಕೆಲಸ ಹೋಯಿತು ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಆ ಸೋಮವಾರ ಮುದೇನಕೊಪ್ಪದ ಶಾಲೆಯ ಚುಕ್ಕಿ ಎರಡನೆಯ ಸಲ ಕೆಂಪಾಯಿತು. ಮುಂದಿನ ಎಣಿಕೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಅದು ನಾನು ಕಲಿತ ಶಾಲೆ, ಅಲ್ಲಿದ್ದವರು ನನಗೆ ಕಲಿಸಿದ ಶಂಶಾದ್ ಟೀಚರ್. ಊರಿಗಿರುವುದು ಅದೊಂದೇ ತರಗತಿ ಕೋಣೆ, ನಲವತ್ತೆರಡು ಮಕ್ಕಳು. ಅರ್ಧಕ್ಕರ್ಧ ಮನೆಗಳಲ್ಲಿ ಪರದೆಯೇ ಇಲ್ಲ. ಅಲ್ಲಿ ಬೀಗ ಬಿತ್ತೆಂದರೆ ಆ ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ.

ಗುರುವಾರ ನಮ್ಮ ಅಧಿಕಾರಿ ಯಡಹಳ್ಳಿ ಸಾಹೇಬರು ನನ್ನನ್ನೇ ತಪಾಸಣೆಗೆ ಕಳಿಸಿದರು. ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡಿಕೊಂಡು ಬಾ, ಆ ಟೀಚರಿಗೆ ಬುದ್ಧಿಯನ್ನೂ ಹೇಳಿ ಬಾ ಎಂದರು. ಮುದೇನಕೊಪ್ಪ ಮುಟ್ಟುವಾಗಲೇ ಊರಿನ ಪಡುವಣ ಗುಡ್ಡದ ಮೇಲಿನ ಕ್ರಷರಿನ ಗಡಗಡ ಕಿವಿಗೆ ಬಿತ್ತು. ಸಿಮೆಂಟಿಗೆ ಹೋಗುವ ಕಲ್ಲನ್ನು ಹಗಲಿಡೀ ಅಲ್ಲಿ ಪುಡಿ ಮಾಡುತ್ತಾರೆ. ಶಾಲೆಯ ಕಿಟಕಿ ಮುಚ್ಚಿದ್ದರೂ ಆ ಸದ್ದು ನಿಲ್ಲುವುದಿಲ್ಲ.

ಕಪ್ಪುಹಲಗೆ ಖಾಲಿಯಿತ್ತು, ಒರೆಸಿದ ಗುರುತೂ ಇರಲಿಲ್ಲ. ಟೀಚರ್ ಬಾಯಿಂದಲೇ ಮಗ್ಗಿ ಹೇಳಿಸುತ್ತಿದ್ದರು, ಗಂಟಲು ಒಡೆದು ಹೋಗಿತ್ತು. ನಾನು ಯಂತ್ರ ಬಿಚ್ಚಿ ನೋಡಿದೆ. ಎಲ್ಲ ಸರಿಯಿತ್ತು. ಕ್ಯಾಲ್ಸಿಯಂ ಕಾರ್ಬೊನೇಟ್ ಮಿತಿಯ ಎರಡು ಪಟ್ಟು. ಹಾಗಾದರೆ ಯಾರೂ ಇಲ್ಲದಾಗ ಇವರು ಕಡ್ಡಿ ಹಿಡಿಯುತ್ತಿದ್ದಾರೆ ಎಂದು ನನ್ನ ತಲೆಗೆ ಬಂತು. ತಲೆಗೆ ಬಂದದ್ದು ಬಾಯಿಗೆ ಬರಲು ನನಗೆ ಎಷ್ಟು ಹೊತ್ತು? ಕೇಳಿಯೇಬಿಟ್ಟೆ.

"ಎಂಟು ದಿನಾತು, ಒಂದ್ ಕಡ್ಡೀನೂ ಮುಟ್ಟಿಲ್ಲ ನಾ" ಎಂದರು ಟೀಚರ್. "ಯಂತ್ರ ನಂಬ್ತಿ, ನನ್ನ ನಂಬಂಗಿಲ್ಲಲ್ಲ ಮಹಾನಂದಾ."

ಧ್ವನಿ ಎತ್ತಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆಲ್ಲಗೆ ಹೇಳಿ ಮತ್ತೆ ಮಗ್ಗಿಗೆ ಹೊರಳಿದರು. ನಾನು ತಲೆ ತಗ್ಗಿಸಿಕೊಂಡು ಹೊರಬಿದ್ದೆ, ಬಸ್ಸಿನಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಅವರು ಸುಳ್ಳು ಹೇಳುವವರಲ್ಲ. ಯಂತ್ರವೂ ಸುಳ್ಳು ಹೇಳುವುದಿಲ್ಲ. ಎರಡೂ ನಿಜವಾಗಿರಲು ಹೇಗೆ ಸಾಧ್ಯ ಎಂದು ಯೋಚಿಸಿ ತಲೆ ಕೆಟ್ಟು ಹೋಯಿತು.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಪ್ರಭು ಚಿತ್ರಾನ್ನ ಮಾಡುವ ಉತ್ಸಾಹದಲ್ಲಿದ್ದ. ನಮ್ಮ ಕಡೆ ಅಡುಗೆ ಕಟ್ಟೆಗೆ, ನೆಲಕ್ಕೆ ಎಲ್ಲ ಶಹಾಬಾದಿ ಕಲ್ಲಿನ ಹಾಸು. ಮದುವೆಯಾಗಿ ಬಂದ ಮೊದಲನೆಯ ದಿನವೇ ಸೊಸೆಗೆ ಅತ್ತೆ ಕಲಿಸುವ ಪಾಠವೊಂದಿದೆ: ನಿಂಬೆಹಣ್ಣು ಕೊಯ್ಯುವಾಗ ಕೆಳಗೆ ತಟ್ಟೆ ಇಡಬೇಕು. ಗಂಡಸರಿಗೆ ಈ ಪಾಠ ಯಾರು ಹೇಳುತ್ತಾರೆ? ಪ್ರಭು ಕಟ್ಟೆಯ ಮೇಲೇ ಕೊಯ್ದು ಹಿಂಡಿದ. ರಸ ಹರಿದು, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸೀಮೆಸುಣ್ಣದ ಮುರುಕು ತುಂಡುಗಳವರೆಗೂ ಹೋಯಿತು.

"ಎಷ್ಟ್ ಸಲ ಹೇಳ್ಬೇಕೋ ನಿನಗ, ಕಟ್ಟಿ ಮ್ಯಾಲ ನಿಂಬಿಹಣ್ಣು ಹಿಂಡಬ್ಯಾಡ ಅಂತ" ಎಂದು ಬಾಳವ್ವ ಒದ್ದೆ ಬಟ್ಟೆ ಹಿಡಿದು ಓಡಿ ಬಂದಳು. "ಕಲ್ಲು ತಿಂತೈತಿ ಅದು."

ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಕಟ್ಟೆಯ ಕಲ್ಲಿನ ಮೇಲೆ ರಸ ಬಿದ್ದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಅದು ಸರಿ. ಶಹಾಬಾದಿ ಕಲ್ಲು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಇಂಗಾಲದ ಡೈ ಆಕ್ಸೈಡ್ ಬಿಟ್ಟು ನೊರೆಯಾಡಲೇಬೇಕು. ಆದರೆ ಅದೇ ರಸದಲ್ಲಿ ನೆನೆದು ಕೂತ ಸೀಮೆಸುಣ್ಣದ ತುಂಡು ಮಾತ್ರ ಪಿಟ್ಟೆನ್ನಲಿಲ್ಲ. ಇನ್ನೊಂದು ಹೋಳು ತಂದು ಅದರ ನೆತ್ತಿಗೇ ಹಿಂಡಿದೆ. ಒಂದು ಗುಳ್ಳೆಯೂ ಬರಲಿಲ್ಲ.

ಇದರಲ್ಲಿ ಏನು ಹಾಕುತ್ತೀ ಎಂದು ಅತ್ತೆಯನ್ನು ಕೇಳಿದೆ. ಆರು ವರ್ಷ ಈ ಮನೆಯ ಅನ್ನ ಉಂಡು ಈಗ ಕೇಳ್ತೀಯಾ ಎಂಬಂತೆ ನನ್ನ ಮುಖ ನೋಡಿದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಮೂಟೆ ತೋರಿಸಿದಳು. ದಿನಾ ಬಟ್ಟೆ ಒಣಹಾಕುವಾಗ ಆ ಮೂಟೆಗೆ ಒರಗಿ ನಿಂತಿದ್ದೇನೆ, ಅದರ ಮೇಲೆ ಏನು ಬರೆದಿದೆ ಎಂದು ಒಂದು ದಿನ ಓದಿರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್. ಎಂದರೆ ಹುರಿದ ಜಿಪ್ಸಮ್. ಬಿಸಿಗೆ ತನ್ನೊಳಗಿನ ನೀರು ಕಳೆದುಕೊಂಡ ಜಿಪ್ಸಮ್ ಮತ್ತೆ ನೀರು ಸಿಕ್ಕ ಕೂಡಲೇ ಅದನ್ನು ಕುಡಿದು, ಬೆಚ್ಚಗಾಗಿ, ಗಟ್ಟಿಯಾಗುತ್ತದೆ. ಅಚ್ಚಿಗೆ ಎಣ್ಣೆ ಸವರಿ, ನೀರಲ್ಲಿ ಕಲಸಿದ ಹಿಟ್ಟು ಹೊಯ್ದು, ಅಚ್ಚು ಅಂಗೈಗೆ ಬೆಚ್ಚಗೆ ತಾಗಿ ಮತ್ತೆ ತಣ್ಣಗಾದ ಮೇಲೆ ಬಾಳವ್ವ ಕಡ್ಡಿ ಬಿಡಿಸುತ್ತಾಳೆ. ಅದು ಕ್ಯಾಲ್ಸಿಯಂ ಸಲ್ಫೇಟ್. ಅದರಲ್ಲಿ ಕಾರ್ಬೊನೇಟಿನ ಸುಳಿವೂ ಇಲ್ಲ.

ಬೇರೆ ದೇಶಗಳಲ್ಲಿ ಸಮುದ್ರದ ಸಣ್ಣ ಜೀವಿಗಳ ಚಿಪ್ಪುಗಳಿಂದಾದ ಬಿಳಿಗುಡ್ಡಗಳಿವೆ, ಆ ಮೆದುಗಲ್ಲೇ ಮೂಲದ ಚಾಕ್. ಅದು ಕಾರ್ಬೊನೇಟ್. ಪಠ್ಯಪುಸ್ತಕದಲ್ಲಿ ಇದ್ದದ್ದು ಆ ಗುಡ್ಡದ ವಿಷಯ, ನಮ್ಮ ಮಾಸ್ತರರ ಕೈಯಲ್ಲಿ ಇದ್ದದ್ದು ನಮ್ಮ ಅತ್ತೆಯ ಕಡ್ಡಿ. ಕೋಷ್ಟಕದ ಹನ್ನೊಂದನೆಯ ಸಾಲಿನಲ್ಲಿ ನಾನು ಬರೆದಿದ್ದೆ: ಕ್ಯಾಲ್ಸಿಯಂ ಕಾರ್ಬೊನೇಟ್, ಮೂಲ ಸೀಮೆಸುಣ್ಣ, ಕೋಣೆಯ ಒಳಗೆ. ಹನ್ನೆರಡನೆಯದು: ಕ್ಯಾಲ್ಸಿಯಂ ಸಲ್ಫೇಟ್, ಮೂಲ ಗೋಡೆಗೆ ಬಳಿದ ಗಿಲಾವು. ನನ್ನ ಬುದ್ಧಿಗೆ ಮಣ್ಣು ಬೀಳಲಿ. ನಾನು ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಕಚೇರಿಗೆ ಓಡಿದೆ.

ನಿಯಂತ್ರಣ ಕೊಠಡಿಯಲ್ಲಿ ಹಳೆಯ ದಾಖಲೆಗಳನ್ನೆಲ್ಲ ತೆಗೆದೆ. ಎರಡು ವರ್ಷ ಕಣ್ಣೆದುರೇ ಇದ್ದದ್ದು ಆಗ ಕಂಡಿತು. ಗೋಡೆಯ ಗಿಲಾವು ಎಂಬ ಸಾಲು ಪಾಠ ನಡೆಯುವಾಗ ಚೂರು ಏರುತ್ತಿತ್ತು, ಭಾನುವಾರ ಸೊನ್ನೆಗೆ ಇಳಿಯುತ್ತಿತ್ತು. ಯಾವ ಗೋಡೆ ಭಾನುವಾರ ರಜೆ ತೆಗೆದುಕೊಳ್ಳುತ್ತದೆ? ಅದೇ ನಿಜವಾದ ಸೀಮೆಸುಣ್ಣ, ಅದು ಯಾವತ್ತೂ ಮಿತಿ ಮೀರಿರಲಿಲ್ಲ. ಕಾರ್ಬೊನೇಟ್ ಮಾತ್ರ ಭಾನುವಾರವೂ ಇತ್ತು, ಬೇಸಿಗೆ ರಜೆಯಲ್ಲೂ ಇತ್ತು. ಬೀಗ ಬಿದ್ದು ಹದಿನಾಲ್ಕು ತಿಂಗಳಾದ ಕೋಣೆಗಳಲ್ಲೂ ಇತ್ತು, ನೊಣ ಕೂಡ ಒಳಗೆ ಹೋಗದ ಕಡೆ. ಪಡುಗಾಳಿ ಬೀಸಿದ ದಿನ ಏರುತ್ತಿತ್ತು, ಮಳೆ ಬಂದ ದಿನ ಇಳಿಯುತ್ತಿತ್ತು.

ಯಡಹಳ್ಳಿ ಸಾಹೇಬರು ಕೆಟ್ಟವರಲ್ಲ, ನಿಯಮಕ್ಕೆ ಅಂಜುವವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಎರಡು ವರ್ಷದಿಂದ ಒಪ್ಪಿಕೊಂಡ ಕೋಷ್ಟಕವನ್ನು ಒಂದು ನಿಂಬೆಹಣ್ಣಿನ ಮೇಲೆ ತಿದ್ದುವುದು ಹೇಗೆ ಎಂದರು. ಸೀಮೆಸುಣ್ಣ ಕಾರ್ಬೊನೇಟ್ ಎಂದು ತಾವೂ ಶಾಲೆಯಲ್ಲಿ ಕಲಿತಿರುವುದಾಗಿ ಹೇಳಿದರು. ಯಂತ್ರ ತಪ್ಪು ಹೇಳುವುದಿಲ್ಲ ಎಂಬ ಮಾತನ್ನು ಮೂರು ಸಲ ಹೇಳಿದರು.

"ಯಂತ್ರ ತಪ್ಪು ಹೇಳಿಲ್ರಿ ಸಾಹೇಬ್ರ" ಎಂದೆ. "ತಪ್ಪು ಹೇಳಿದಾಕಿ ನಾನು. ನನ್ನ ನೌಕರಿ ಬೇಕಾದ್ರ ತಗೋರಿ, ನಾಳೆ ಒಂದ್ಸಲ ಶಾಲಿಗೆ ಬರ್ರಿ."

ಶನಿವಾರ ಹನ್ನೊಂದಕ್ಕೆ ಅವರು ಬಂದರು. ಊರಿನ ಅರ್ಧ ಜನ ಶಾಲೆಯ ಅಂಗಳದಲ್ಲಿದ್ದರು. ಬೀಗ ಬೀಳುವ ಮುಂಚೆ ಪಾಟಿಚೀಲ ಹೊರಗೆ ತೆಗೆಯಲು ಬಂದ ತಾಯಂದಿರು ಕೆಲವರು, ಸುಮ್ಮನೆ ನೋಡಲು ಬಂದವರು ಕೆಲವರು. ಬಾಳವ್ವನೂ ನನ್ನ ಜೊತೆ ಬಂದಿದ್ದಳು, ಸೀರೆಯ ಸೆರಗಿನಲ್ಲಿ ಕಡ್ಡಿಗಳನ್ನು ಕಟ್ಟಿಕೊಂಡು. ಶಂಶಾದ್ ಟೀಚರ್ ನನ್ನನ್ನು ನೋಡಿಯೂ ನೋಡದಂತೆ ಮಕ್ಕಳನ್ನು ಸಾಲಾಗಿ ಕೂರಿಸಿದರು. ಬಾಗಿಲ ಚೌಕಟ್ಟಿನಲ್ಲಿ ಬೀಗದ ದೀಪ ಆಗಲೇ ಹಳದಿಯಾಗಿ ಮಿನುಗುತ್ತಿತ್ತು.

ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆ ಇಟ್ಟೆ. ಒಂದರಲ್ಲಿ ಬಾಳವ್ವನ ಕಡ್ಡಿಯನ್ನು ಪುಡಿ ಮಾಡಿ ಹಾಕಿದೆ. ಧೂಳುಗಣ್ಣಿನ ಸೋಸುಬಟ್ಟೆ ಬಿಚ್ಚಿ, ಅದರ ಮೇಲೆ ಕೂತಿದ್ದ ಧೂಳನ್ನು ಇನ್ನೊಂದರಲ್ಲಿ ಕೊಡವಿದೆ. ನೋಡಲು ಎರಡೂ ಒಂದೇ, ಬಿಳಿ, ನುಣುಪು. ಎರಡಕ್ಕೂ ನಿಂಬೆರಸ ಹಿಂಡಿದೆ. ಮೊದಲನೆಯದು ಕೆಸರಾಗಿ ಸುಮ್ಮನೆ ಕೂತಿತು. ಎರಡನೆಯದು ಚುರ್ರೆಂದು ನೊರೆ ಕಟ್ಟಿ ಉಕ್ಕಿತು. ಹಿಂದೆ ಕೂತ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತರು, ಟೀಚರ್ ಗದರಲಿಲ್ಲ.

ಸಾಹೇಬರು ಒಪ್ಪಲಿಲ್ಲ. ಕಡ್ಡಿ ನೀವೇ ತಂದದ್ದು, ಈ ಶಾಲೆಯ ಬೀರುವಿನದು ಬೇಕು ಎಂದರು. ನ್ಯಾಯದ ಮಾತೇ. ಎಣಿಕೆಗೆ ಮುಂಚೆ ಯಾರೂ ಕಡ್ಡಿ ಮುಟ್ಟದಿರಲೆಂದು ಶುಕ್ರವಾರ ಬೀರುವಿಗೆ ಅವರದೇ ಕಚೇರಿಯ ಮೊಹರು ಬಿದ್ದಿತ್ತು, ಅವರೇ ಒಡೆದು ಕಡ್ಡಿ ತೆಗೆದು, ಅವರೇ ಹಿಂಡಿದರು. ನೊರೆ ಬರಲಿಲ್ಲ. ಆಮೇಲೆ ಅವರು ಹೊರಗೆ ನಡೆದರು, ಕಿಟಕಿಯ ಹೊರಗಟ್ಟೆಯ ಮೇಲೆ ಬೆರಳಾಡಿಸಿದರು. ಬೆರಳು ಬಿಳಿಯಾಯಿತು. ಆ ಬೆರಳಿನ ಮೇಲೆಯೇ ರಸ ಹಿಂಡಿಕೊಂಡರು. ಗುಳ್ಳೆಗಳು ಅವರ ಉಗುರಿನ ಸುತ್ತ ಏಳುವುದನ್ನು ಊರೆಲ್ಲ ನೋಡಿತು.

ಅವರು ತಲೆ ಎತ್ತಿ ಗುಡ್ಡದ ಕಡೆ ನೋಡಿದರು. ಅಲ್ಲಿ ಸುಣ್ಣದ ಕಲ್ಲು ಒಡೆಯುವ ಕ್ರಷರಿನ ಮೇಲೆ ಬಿಳಿ ಧೂಳು ಎದ್ದು, ಪಡುಗಾಳಿಯಲ್ಲಿ ನಿಧಾನಕ್ಕೆ ನಮ್ಮ ಕಡೆಗೇ ಬರುತ್ತಿತ್ತು. ಹನ್ನೆರಡಕ್ಕೆ ಎಂಟು ನಿಮಿಷವಿತ್ತು.

"ಎಲ್ಲಿ ಒತ್ತಬೇಕು?" ಎಂದು ಕೇಳಿದರು ಯಡಹಳ್ಳಿ ಸಾಹೇಬರು.

ನನ್ನ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಕೋಷ್ಟಕ ತೆರೆದು, ಹನ್ನೊಂದನೆಯ ಸಾಲು ಅಳಿಸಿ ಹೊಸದಾಗಿ ಬರೆದೆ: ಕ್ಯಾಲ್ಸಿಯಂ ಕಾರ್ಬೊನೇಟ್, ಮೂಲ ಸುಣ್ಣಕಲ್ಲಿನ ಪುಡಿ, ಕೋಣೆಯ ಹೊರಗೆ. ಹನ್ನೆರಡನೆಯ ಸಾಲಿನ ಮೂಲವನ್ನೂ ಸೀಮೆಸುಣ್ಣ ಎಂದು ತಿದ್ದಿದೆ. ತಿದ್ದಿದ್ದು ಜಾರಿಯಾಗಲು ಅಧಿಕಾರಿಯ ಹೆಬ್ಬೆಟ್ಟು ಬೇಕು. ಸಾಹೇಬರು ನಿಂಬೆರಸ ಮೆತ್ತಿದ ಹೆಬ್ಬೆರಳನ್ನೇ ಒತ್ತಿದರು, ಟ್ಯಾಬ್ಲೆಟ್ಟು ಗುರುತು ಹಿಡಿಯಲಿಲ್ಲ. ಬಾಳವ್ವ ಮುಂದೆ ಬಂದು ಸೆರಗಿನಿಂದ ಅವರ ಬೆರಳು ಒರೆಸಿದಳು. ಎರಡನೆಯ ಸಲ ಒತ್ತಿದಾಗ ಹಿಡಿಯಿತು.

ಹನ್ನೆರಡಾಯಿತು. ಬಾಗಿಲ ಚೌಕಟ್ಟಿನ ಹಳದಿ ದೀಪ ಒಮ್ಮೆ ಮಿನುಗಿ ಹಸಿರಾಯಿತು. ಅದಾದ ಮೇಲೆ ಒಂದು ಕ್ಷಣ ಏನಾಯಿತೆಂದೇ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕ್ರಷರಿನ ಗಡಗಡ ನಿಂತಿತ್ತು. ನಿಯಮ ತನ್ನ ಕೆಲಸ ತಾನೇ ಮಾಡಿತ್ತು, ಬೀಗ ಶಾಲೆಯ ಬದಲು ಗುಡ್ಡದ ಮೇಲಿನ ಕರೆಂಟಿಗೆ ಬಿದ್ದಿತ್ತು. ಆ ಕೋಣೆಯಲ್ಲಿ ಕೂತ ಮಕ್ಕಳು ಹುಟ್ಟಿದಾಗಿನಿಂದ ಆ ಸದ್ದಿಲ್ಲದ ಹಗಲನ್ನು ಕೇಳಿರಲಿಲ್ಲ. ಬೇವಿನ ಮರದಲ್ಲಿ ಗುಬ್ಬಿಗಳಿದ್ದವು ಎಂಬುದು ಅವತ್ತು ಎಲ್ಲರಿಗೂ ಗೊತ್ತಾಯಿತು.

ನಾನು ಟ್ಯಾಬ್ಲೆಟ್ಟಿನಲ್ಲಿ ಜಿಲ್ಲೆಯ ನಕಾಶೆ ತೆರೆದೆ. ಬೀಗ ಬಿದ್ದಿದ್ದ ಮೂವತ್ತಾರು ಚುಕ್ಕಿಗಳು ಒಂದಾದ ಮೇಲೊಂದು ಹಸಿರಾಗುತ್ತಿದ್ದವು, ಅವುಗಳ ಪಕ್ಕದಲ್ಲಿ, ಪ್ರತಿ ಸಲವೂ ಪಡುವಣಕ್ಕೆ, ಹೊಸದೊಂದು ಕೆಂಪು ಚುಕ್ಕಿ ಮೂಡುತ್ತಿತ್ತು. ಎರಡು ವರ್ಷದಿಂದ ಆ ಯಂತ್ರ ಕ್ರಷರುಗಳ ಕಡೆಗೇ ಬೆರಳು ತೋರಿಸುತ್ತಿತ್ತು, ನಾವು ಮಾಸ್ತರರ ಕೈ ಕಟ್ಟಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ. ಸಾಹೇಬರ ಫೋನು ಅಷ್ಟೊತ್ತಿಗೆ ಬಡಿದುಕೊಳ್ಳಲು ಶುರುವಾಯಿತು, ಕ್ರಷರಿನವರದೇ ಇರಬೇಕು. ಮೇಲೆ ಮುಚ್ಚಿಗೆ ಹಾಕಿ, ಕಲ್ಲಿಗೆ ನೀರು ಸಿಂಪಡಿಸಿಕೊಂಡು ಒಡೆಯಿರಿ, ಆಮೇಲೆ ಮಾತು ಎಂದು ಅವರು ಗಟ್ಟಿಯಾಗಿ ಹೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು. ಜನ ಚಪ್ಪಾಳೆ ಹೊಡೆದರು. ಸಾಹೇಬರಿಗೆ ಚಪ್ಪಾಳೆ ಅಭ್ಯಾಸವಿರಲಿಲ್ಲ ಎಂದು ಕಾಣುತ್ತದೆ, ಜೀಪಿನ ಕಡೆ ಬೇಗ ನಡೆದರು.

ಜನ ಚದುರಿದ ಮೇಲೆ ನಾನು ತರಗತಿಯೊಳಗೆ ಹೋದೆ. ಮಕ್ಕಳ ಎದುರಿಗೇ ಹೇಳಬೇಕೆನಿಸಿತು. ಆ ಸಾಲು ಬರೆದವಳು ನಾನು, ಎಂಟು ದಿನ ಅಲ್ಲ ಎರಡು ವರ್ಷ ನಿಮ್ಮ ಹೆಸರು ಕೆಡಿಸಿದವಳು ನಾನು, ತಪ್ಪಾಯಿತು ಟೀಚರ್ ಎಂದೆ.

ಶಂಶಾದ್ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. "ಚಾಕ್ ಅಂದ್ರ ಕಾರ್ಬೊನೇಟ್ ಅಂತ ನಿನಗ ಯಾರು ಕಲಿಸಿದ್ರು?"

ನಾನು ನೆಲ ನೋಡಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀವೇ ಟೀಚರ್. ಏಳನೇ ಕ್ಲಾಸಿನ್ಯಾಗ."

ಅವರು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಏನೂ ತಿಳಿಯದೆ ಮಕ್ಕಳೂ ನಕ್ಕರು. ನಗು ನಿಂತ ಮೇಲೆ ಟೀಚರ್ ಎದ್ದು, ಮೊಹರು ಒಡೆದ ಬೀರುವಿನಿಂದ ಒಂದು ಕಡ್ಡಿ ತೆಗೆದು, ಹಲಗೆಯ ಮುಂದೆ ನಿಂತರು.

"ಮೂವತ್ತೊಂದು ವರ್ಷ ತಪ್ಪು ಕಲಿಸೀನಿ" ಎಂದರು. "ಎಲ್ಲಾರೂ ಪಾಟಿ ತಗೀರಿ. ಸರಿ ಹೆಸರು ಬರೀತೀನಿ ಈಗ."

ಕ್ಯಾಲ್ಸಿಯಂ ಸಲ್ಫೇಟ್ ಎಂದು ದೊಡ್ಡ ದುಂಡು ಅಕ್ಷರದಲ್ಲಿ ಬರೆದರು. ಕಡ್ಡಿಯಿಂದ ಉದುರಿದ ಪುಡಿ ಹಲಗೆಯ ಕೆಳಗಿನ ಪಟ್ಟಿಯ ಮೇಲೆ ಬಿತ್ತು. ಮಕ್ಕಳು ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಒಂದು ಹುಡುಗಿ ಸರಿದು ಜಾಗ ಕೊಟ್ಟಳು, ನಾನೂ ಕೂತು ಬರೆದುಕೊಂಡೆ.